ಲೆಕ್ಕದ ಪುಸ್ತಕದ ಕನ್ನಡ

ಭಾಷೆಯ ಅಳಿವು ಉಳಿವುಗಳನ್ನು ಕುರಿತು ಚರ್ಚೆ ನಡೆದಾಗಲೆಲ್ಲ ಕಾವ್ಯ, ಶಾಸ್ತ್ರ, ಶಿಕ್ಷಣ ಮಾಧ್ಯಮ, ಆಡಳಿತ ಮೊದಲಾದ ದೊಡ್ಡ ವಿಷಯಗಳನ್ನೇ ಮುಂದಿಟ್ಟುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅವು ದೊಡ್ಡ ವಿಷಯಗಳೇ ಹೌದು. ಆದರೆ ಹಾಲಿನವನ ಲೆಕ್ಕ, ದಿನಸಿಯ ಚೀಟಿ, ಮನೆ ಬಾಡಿಗೆಯ ರಸೀದಿ, ಊರಿನಿಂದ ಬರುವವರಿಗಾಗಿ ಬಾಗಿಲಿಗೆ ಅಂಟಿಸಿ ಹೋದ ನಾಲ್ಕು ಸಾಲಿನ ಸೂಚನೆ, ಇವುಗಳನ್ನು ನಾವು ಯಾವ ಭಾಷೆಯಲ್ಲಿ, ಯಾವ ಲಿಪಿಯಲ್ಲಿ ಬರೆಯುತ್ತೇವೆ ಎಂಬ ಪ್ರಶ್ನೆಯನ್ನು ವಿದ್ವತ್ಸಭೆಗಳಲ್ಲಿ ಯಾರೂ ಕೇಳಿದ ನೆನಪು ನನಗಿಲ್ಲ. ಕನ್ನಡ ನಾಡಿನ ಹೊರಗೆ, ಹೈದರಾಬಾದಿನಂಥ ನಗರದಲ್ಲಿ, ಬಹುಕಾಲ ಬದುಕಿದವನಿಗೆ ಈ ಸಣ್ಣ ಪ್ರಶ್ನೆಯೇ ಮುಖ್ಯವಾಗಿ ತೋರುತ್ತದೆ. ಒಂದು ಮನೆಯಿಂದ ಭಾಷೆ ಹೊರಬೀಳುವಾಗ ಅದರ ಕಾವ್ಯಕ್ಕಿಂತ ಮೊದಲು ಅದರ ಲೆಕ್ಕದ ಪುಸ್ತಕ ಹೊರಬೀಳುತ್ತದೆ. ಕಾವ್ಯಕ್ಕೆ ವರ್ಷಕ್ಕೊಂದು ಸಮಾರಂಭವಾದರೂ ಇರುತ್ತದೆ. ಲೆಕ್ಕದ ಪುಸ್ತಕವನ್ನು ಕೇಳುವವರಿಲ್ಲ.

ಸಂಸ್ಮರಣ ಸಂಪುಟಕ್ಕೆ ಲೇಖನವೆಂದ ಮೇಲೆ ಸಂಶೋಧನೆಯ ಗಾಂಭೀರ್ಯವನ್ನು ನಿರೀಕ್ಷಿಸುವುದು ಸಹಜ. ನಾನಿಲ್ಲಿ ಹೇಳಹೊರಟಿರುವುದು ಅಂಥ ಸಂಶೋಧನೆಯನ್ನಲ್ಲ. ದುಡಿಮೆ, ಯಂತ್ರ ಮತ್ತು ದಿನನಿತ್ಯದ ಬದುಕು ಈ ಮೂರೂ ಸೇರುವ ಜಾಗದಲ್ಲಿ ಕನ್ನಡಕ್ಕೆ ಏನಾಗಿದೆ, ಏನಾಗಬಹುದು ಎಂಬುದನ್ನು ಕುರಿತ ಕೆಲವು ಬಿಡಿ ವಿಚಾರಗಳಿವು. ಬಿಡಿಯಾದರೂ ಅವೆಲ್ಲ ಒಂದೇ ಅಭಿಪ್ರಾಯದತ್ತ ಸಾಗುತ್ತವೆಂದು ನನ್ನ ನಂಬಿಕೆ.

ಹೈದರಾಬಾದಿನ ಕನ್ನಡಿಗನನ್ನು ಇಲ್ಲಿಗೆ ಕರೆತಂದದ್ದು ದುಡಿಮೆ. ನಿಜಾಮರ ಆಳ್ವಿಕೆಯಲ್ಲಿ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ನ್ಯಾಯಕ್ಕೆ, ನೌಕರಿಗೆ, ಓದಿಗೆ, ಔಷಧಕ್ಕೆ ಜನ ಮುಖ ಮಾಡುತ್ತಿದ್ದುದು ಇತ್ತಲೇ. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದಾಗ ಈ ಹಾದಿ ಸುಲಭವಾಯಿತು. ವಾಡಿ ಇಂದಿನ ಕಲಬುರಗಿ ಜಿಲ್ಲೆಯ ಊರು. ಕನ್ನಡ ನೆಲದಲ್ಲಿ ಗಾಡಿ ಹತ್ತಿದವನು ರಾಜಧಾನಿಯಲ್ಲಿ ಇಳಿಯುವಂತಾದದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ೧೯೧೬ರಲ್ಲಿ ಕಾಚಿಗುಡದ ನಿಲ್ದಾಣ ಕಟ್ಟಲ್ಪಟ್ಟಿತು. ಅದೇ ಕಾಚಿಗುಡದಲ್ಲಿ ಮುಂದೆ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರಿನ ಕನ್ನಡ ಶಾಲೆಯೂ ನೆಲೆಗೊಂಡುವು. ನಗರದ ಕನ್ನಡ ಚಟುವಟಿಕೆಯ ಕೇಂದ್ರವೂ ರೈಲು ನಿಲ್ದಾಣವೂ ಒಂದೇ ಬಡಾವಣೆಯಲ್ಲಿರುವುದನ್ನು ಕಂಡಾಗಲೆಲ್ಲ, ಇಲ್ಲಿನ ಕನ್ನಡದ ಇತಿಹಾಸವನ್ನು ಸಾಹಿತ್ಯ ಚರಿತ್ರೆಯಿಂದ ಮಾತ್ರ ಬರೆಯಲಾಗದು, ರೈಲಿನ ವೇಳಾಪಟ್ಟಿಯನ್ನೂ ನೋಡಬೇಕು ಎನಿಸುತ್ತದೆ.

ಹೀಗೆ ಬಂದವನ ದುಡಿಮೆಯ ಭಾಷೆ ಯಾವುದು? ೧೮೮೪ರಲ್ಲಿ ಸಂಸ್ಥಾನದ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ, ದಫ್ತರಿನಲ್ಲಿ ಉರ್ದು, ಇದು ಆ ಕಾಲದ ಹೈದರಾಬಾದ್ ಕನ್ನಡಿಗನ ದಿನಚರಿ. ಇದನ್ನು ನಾವು ಸಾಮಾನ್ಯವಾಗಿ ದಮನದ ಕಥೆಯಾಗಿ ಹೇಳುತ್ತೇವೆ. ಆ ಕಥೆಯಲ್ಲಿ ನಿಜವಿದೆ; ಕನ್ನಡ ಶಾಲೆಯೊಂದನ್ನು ನಡೆಸುವುದೇ ಆಗ ಒಂದು ಸಾಹಸವಾಗಿತ್ತು. ಆದರೆ ಅದರೊಳಗೆ ಭಾಷೆಯ ವಿದ್ಯಾರ್ಥಿ ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಅರ್ಜಿ, ರಸೀದಿ, ಜಮೆ, ಖರ್ಚು, ಬಾಕಿ, ವಸೂಲಿ, ಹಾಜರಿ, ರಜೆ, ಜಾಮೀನು, ತಕರಾರು, ಗುಮಾಸ್ತ, ಕಾರ್ಖಾನೆ, ಕಾಗದ, ಇವುಗಳಲ್ಲಿ ಯಾವುದನ್ನು ಇಂದು ನಾವು ಪರಭಾಷೆಯ ಪದವೆಂದು ಹೊರಗಿಡಬಲ್ಲೆವು? ನಿಜಾಮರ ಸೀಮೆಯಲ್ಲಷ್ಟೇ ಅಲ್ಲ, ಮೈಸೂರು ಸೀಮೆಯಲ್ಲೂ ಮುಂಬಯಿ ಕರ್ನಾಟಕದಲ್ಲೂ ಇವು ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ದಾರಿಗಳಿಂದ ಬಂದು ನೆಲೆಸಿವೆ. ಇವನ್ನು ಯಾವ ಪಂಡಿತ ಮಂಡಳಿಯೂ ಅಂಗೀಕರಿಸಲಿಲ್ಲ. ಕೆಲಸದ ಜತೆಗೆ ಬಂದುವು, ಕೆಲಸ ಉಳಿದುದರಿಂದ ಉಳಿದುವು.

ಇದರ ಮಗ್ಗುಲಲ್ಲಿಟ್ಟು ನೋಡಬೇಕಾದ ಇನ್ನೊಂದು ಪ್ರಯೋಗವೂ ಇದೇ ನಗರದಲ್ಲಿ ನಡೆಯಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣದ ಎಲ್ಲ ವಿಷಯಗಳನ್ನೂ ಒಂದು ಭಾರತೀಯ ಭಾಷೆಯಲ್ಲಿ, ಎಂದರೆ ಉರ್ದುವಿನಲ್ಲಿ, ಕಲಿಸಲು ಹೊರಟಿತು. ಅದಕ್ಕೂ ಮುನ್ನ, ೧೯೧೭ರಲ್ಲೇ, ಪಠ್ಯಗಳನ್ನು ಸಿದ್ಧಪಡಿಸಲು ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಆರಂಭವಾಗಿತ್ತು. ಗಣಿತ, ರಸಾಯನ, ವೈದ್ಯ, ಯಂತ್ರಶಾಸ್ತ್ರಗಳ ನೂರಾರು ಗ್ರಂಥಗಳು ಅನುವಾದಗೊಂಡುವು. ಪಾರಿಭಾಷಿಕ ಪದಗಳನ್ನು ಟಂಕಿಸಲು ವಿದ್ವಾಂಸರ ಸಮಿತಿಗಳು ಕುಳಿತುವು. ವಿಶ್ವವಿದ್ಯಾಲಯಕ್ಕೆ ‘ಜಾಮಿಯಾ’, ವಿದ್ಯುತ್ತಿಗೆ ‘ಬರ್ಖ್’ ಎನ್ನುತ್ತ ಮೂರು ದಶಕಗಳ ಕಾಲ ಇಂಜಿನಿಯರುಗಳೂ ವೈದ್ಯರೂ ಆ ಭಾಷೆಯಲ್ಲಿ ಕಲಿತು ಹೊರಬಂದರು. ನಮ್ಮ ಕನ್ನಡ ಜಿಲ್ಲೆಗಳ ಯುವಕರೂ ಅವರಲ್ಲಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ಡಿ. ಕೆ. ಭೀಮಸೇನರಾಯರಂಥವರು ಕನ್ನಡವನ್ನು ಬೋಧಿಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿದ ಮೇಲೆ ಬೋಧನ ಮಾಧ್ಯಮ ಇಂಗ್ಲಿಷಿಗೆ ತಿರುಗಿತು. ಪ್ರಯೋಗಶಾಲೆ, ಆಸ್ಪತ್ರೆ, ಕಾರ್ಯಾಗಾರಗಳಿಂದ ಉರ್ದು ಹಿಂದೆ ಸರಿಯಿತು. ಆ ಪದಗಳಲ್ಲಿ ಕೆಲವು ಉರ್ದು ವಿದ್ವತ್ತಿನಲ್ಲಿ ಉಳಿದುವು. ಹೆಚ್ಚಿನವು ಪುಸ್ತಕದ ಕಪಾಟಿಗೆ ಸೇರಿದುವು. ಆದರೆ ಚಾರಮಿನಾರಿನ ಬೀದಿಯಲ್ಲಿ ದಖನಿ ಇಂದಿಗೂ ತನ್ನ ವ್ಯಾಪಾರವನ್ನು ತಾನು ನಡೆಸಿಕೊಂಡಿದೆ.

ಈ ಎರಡು ದೃಷ್ಟಾಂತಗಳಿಂದ ಪಾರಿಭಾಷಿಕ ಪದನಿರ್ಮಾಣವೇ ವ್ಯರ್ಥವೆಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಟಂಕಿಸಿದ ಪದಗಳಲ್ಲಿ ರೋಗಿಗಳಿಗೆ ಔಷಧ ಬರೆದರು, ಸೇತುವೆ ಕಟ್ಟುವುದನ್ನು ಕಲಿತರು. ಕೆಲಸ ನಡೆಯುವವರೆಗೆ ಅವು ಜೀವಂತ ಪದಗಳೇ ಆಗಿದ್ದುವು. ಪದವು ಎಲ್ಲಿಂದ ಬಂತು ಎಂಬುದಕ್ಕಿಂತ ಅದನ್ನು ಹಿಡಿದು ಯಾರು ದಿನವೂ ಕೆಲಸ ಮಾಡುತ್ತಾರೆ ಎಂಬುದೇ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ. ಈ ಮಾತು ಕನ್ನಡಕ್ಕೂ ಅನ್ವಯಿಸುತ್ತದೆ.

ಹೈದರಾಬಾದಿನವರಿಗೆ ಗಂಡಿಪೇಟೆಯ ನೀರು ಕುಡಿದವನು ಊರು ಬಿಡುವುದಿಲ್ಲವೆಂಬ ನಂಬಿಕೆಯಿದೆ. ಗಂಡಿಪೇಟೆಯ ನೀರೆಂದರೆ ಉಸ್ಮಾನ್ ಸಾಗರದ ನೀರು. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿದ ಮೇಲೆ, ಮರುವರ್ಷ ಇಲ್ಲಿಗೆ ಬಂದು ಪರಿಹಾರದ ಯೋಜನೆಯನ್ನು ರೂಪಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಶಿಫಾರಸಿನ ಜಾಡಿನಲ್ಲೇ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಪೂರ್ವಜರ ಊರಿನ ತೆಲುಗು ಹೆಸರನ್ನು ಹೊತ್ತ, ಕನ್ನಡ ನಾಡಿನಲ್ಲಿ ಹುಟ್ಟಿದ ಇಂಜಿನಿಯರೊಬ್ಬರು ಉರ್ದು ಆಡಳಿತದ ರಾಜಧಾನಿಗೆ ನೀರಿನ ವ್ಯವಸ್ಥೆ ಸೂಚಿಸಿದರು. ಅವರ ದುಡಿಮೆಯ ಭಾಷೆ ಮಾತ್ರ ಇಂಗ್ಲಿಷ್. ತಮ್ಮ ವೃತ್ತಿಜೀವನದ ನೆನಪುಗಳನ್ನು ೧೯೫೧ರಲ್ಲಿ ಅವರು ಪ್ರಕಟಿಸಿದ್ದೂ ಆ ಭಾಷೆಯಲ್ಲೇ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಕನ್ನಡಿಗರ ಬುದ್ಧಿಶಕ್ತಿಯ ಬಹುದೊಡ್ಡ ಪಾಲು, ಅಣೆಕಟ್ಟು, ಸೇತುವೆ, ಕಾರ್ಖಾನೆ ಕಟ್ಟಿದ ಪಾಲು, ಕನ್ನಡದ ಬರಹದೊಳಗೆ ಬಾರದೆ ಹೊರಗೇ ಉಳಿದಿದೆ ಎಂಬುದಕ್ಕೆ ಇದೊಂದು ಗೌರವಾನ್ವಿತ ಉದಾಹರಣೆ.

೧೯೫೬ರ ನವೆಂಬರ್ ೧ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡುವು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಹೈದರಾಬಾದ್ ಆಂಧ್ರಪ್ರದೇಶದ ರಾಜಧಾನಿಯಾಯಿತು. ಇಲ್ಲಿಯೇ ಉಳಿದ ಕನ್ನಡಿಗ ಒಂದೇ ರಾತ್ರಿಯಲ್ಲಿ ಹೊರನಾಡಿನವನಾದ. ಆದರೂ ದುಡಿಮೆಯ ದಾರಿ ಬದಲಾಗಲಿಲ್ಲ. ಕಲಬುರಗಿ, ಬೀದರ, ರಾಯಚೂರಿನ ಯುವಕರಿಗೆ ಹೈದರಾಬಾದು ಬೆಂಗಳೂರಿಗಿಂತ ಹತ್ತಿರ. ೧೯೯೮ರಲ್ಲಿ ಮಾಧಾಪುರದ ಬಳಿ ಸೈಬರ್ ಟವರ್ಸ್ ತೆರೆದು ಹೈಟೆಕ್ ಸಿಟಿ ಬೆಳೆಯತೊಡಗಿದ ಮೇಲೆ ಹೊಸದೊಂದು ತಲೆಮಾರು ಅದೇ ರೈಲುಗಳಲ್ಲಿ ಬಂದಿಳಿಯಿತು. ಅಜ್ಜ ದಫ್ತರಿನಲ್ಲಿ ಉರ್ದು ಬರೆದ. ತಂದೆ ಕಚೇರಿಯಲ್ಲಿ ಇಂಗ್ಲಿಷ್ ಬರೆದ. ಮೊಮ್ಮಗ ಗಣಕಯಂತ್ರಕ್ಕೆ ಅದರದೇ ಸಂಕೇತ ಭಾಷೆಯಲ್ಲಿ ಆಜ್ಞೆ ಬರೆಯುತ್ತಾನೆ. ಮೂವರ ನಡುವೆ ಒಂದು ವ್ಯತ್ಯಾಸವನ್ನು ಮಾತ್ರ ನಾನು ಕಂಡಿದ್ದೇನೆ. ಅಜ್ಜ ಸಂಜೆ ಮನೆಗೆ ಬಂದು ಆ ದಿನದ ಜಮೆ-ಖರ್ಚನ್ನು ಕನ್ನಡದಲ್ಲಿ ಬರೆದಿಡುತ್ತಿದ್ದ. ಮೊಮ್ಮಗ ಕನ್ನಡದಲ್ಲಿ ಏನನ್ನೂ ಬರೆಯುವುದಿಲ್ಲ.

ಬರೆಯದಿರುವುದಕ್ಕೆ ಯಂತ್ರವೇ ಕಾರಣವೆಂದು ಹೇಳುವ ಕಾಲವೊಂದಿತ್ತು. ಅದರಲ್ಲಿ ಹುರುಳೂ ಇತ್ತು. ಒತ್ತಕ್ಷರ, ಗುಣಿತಾಕ್ಷರಗಳ ಕನ್ನಡವನ್ನು ಬೆರಳಚ್ಚು ಯಂತ್ರದ ಕೆಲವೇ ಕೀಲಿಗಳಿಗೆ ಹೊಂದಿಸಲು ಕೆ. ಅನಂತಸುಬ್ಬರಾಯರು ಪಟ್ಟ ಶ್ರಮವನ್ನು ಕನ್ನಡಿಗರು ಮರೆಯಬಾರದು. ಗಣಕಯಂತ್ರ ಬಂದಾಗ ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸ, ೧೯೯೮ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವು ಒಂದೊಂದಾಗಿ ಅಡ್ಡಿಗಳನ್ನು ನಿವಾರಿಸಿದುವು. ಆಗಲೂ ಒಂದು ತೊಡಕು ಉಳಿದಿತ್ತು. ಒಂದು ಕಡೆ ಅಚ್ಚುಕಟ್ಟಾಗಿ ಜೋಡಿಸಿದ ಲೇಖನವನ್ನು ಇನ್ನೊಂದು ಕಡೆ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತಿದ್ದುವು. ಕರಡು ತಿದ್ದುವ ಕೆಲಸ ಮಾಡಿದವರೆಲ್ಲ ಆ ಸಂಕಟವನ್ನು ಬಲ್ಲರು. ಯುನಿಕೋಡ್ ಪದ್ಧತಿ ಬಳಕೆಗೆ ಬಂದ ಮೇಲೆ ಆ ತೊಡಕೂ ಹೋಯಿತು. ಇಂದು ತರಕಾರಿ ಮಾರುವವನ ಕೈಯಲ್ಲಿರುವ ದೂರವಾಣಿಯಲ್ಲೂ ಕನ್ನಡದ ಕೀಲಿಮಣೆಯಿದೆ. ಮಾತನಾಡಿದರೆ ಬರೆದುಕೊಳ್ಳುವ ಅನುಕೂಲವೂ ಇದೆ.

ಅಡ್ಡಿ ನಿವಾರಣೆಯಾದ ಮೇಲೆ ಬಳಕೆ ಹೆಚ್ಚಬೇಕಾಗಿತ್ತು. ಬರೆಯುವವರ ಸಂಖ್ಯೆಯನ್ನು ನೋಡಿದರೆ ಹೆಚ್ಚಿದೆ ಎಂದೇ ಹೇಳಬಹುದು. ಆದರೆ ನಮ್ಮಂಥ ಹೊರನಾಡಿನ ಮನೆಗಳಲ್ಲಿ ನಡೆದದ್ದು ಬೇರೆ. ತಾಯಿ ಮಗನಿಗೆ ಕಳುಹಿಸುವ ‘ಊಟ ಆಯ್ತಾ’ ಎಂಬ ಎರಡು ಮಾತುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಹೋಗುತ್ತವೆ. ಉತ್ತರವೂ ಅದೇ ಅಕ್ಷರಗಳಲ್ಲಿ ಬರುತ್ತದೆ. ಇದು ಕನ್ನಡವೇ ಹೌದು, ಆದರೆ ತನ್ನ ಅಂಗಿಯನ್ನು ಕಳಚಿಟ್ಟ ಕನ್ನಡ. ಆ ಬರಹದಲ್ಲಿ ಹ್ರಸ್ವ ದೀರ್ಘಗಳ ಭೇದ ಮಾಯವಾಗುತ್ತದೆ. ಲಕಾರ ಳಕಾರಗಳು ಒಂದಾಗುತ್ತವೆ. ಬರೆದವರನ್ನು ಕೇಳದೆ ಹಲವು ವೇಳೆ ಅರ್ಥವಾಗುವುದೇ ಇಲ್ಲ. ಬ್ಯಾಂಕಿನ ಹಣ ಕೊಡುವ ಯಂತ್ರದ ಮುಂದೆ ನಿಂತಾಗ ಭಾಷೆಯನ್ನು ಆರಿಸಿಕೊಳ್ಳಿ ಎಂದು ಅದು ಕೇಳುತ್ತದೆ. ಇಲ್ಲಿನ ಪಟ್ಟಿಯಲ್ಲಿ ನನಗೆ ಕನ್ನಡ ಸಿಕ್ಕಿದ್ದಿಲ್ಲ. ಇದಕ್ಕೆ ನನ್ನ ದೂರಿಲ್ಲ. ಇದು ತೆಲುಗು ನಾಡು. ಆದರೆ ಬೆಂಗಳೂರಿನಲ್ಲಿ ಕನ್ನಡವಿರುವ ಯಂತ್ರದ ಮುಂದೆ ನಿಂತ ಕನ್ನಡಿಗರೂ ಇಂಗ್ಲಿಷನ್ನೇ ಒತ್ತುವುದನ್ನು ಕಂಡಿದ್ದೇನೆ. ಅಲ್ಲಿ ಅಡ್ಡಿ ಯಂತ್ರದಲ್ಲಿರಲಿಲ್ಲ, ಬೆರಳಿನ ರೂಢಿಯಲ್ಲಿತ್ತು.

ರೂಢಿಯ ಬಲವೆಷ್ಟೆಂಬುದು ೨೦೨೦ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ದೇಶವೇ ಬಾಗಿಲು ಮುಚ್ಚಿಕೊಂಡಾಗ ಕಚೇರಿ ಮನೆಯೊಳಗೆ ಬಂತು. ಅದುವರೆಗೆ ಭಾಷೆಗಳ ಗಡಿ ಮನೆಯ ಹೊಸ್ತಿಲಲ್ಲಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವನು ಕಚೇರಿಯ ಮಾತನ್ನೂ ಅಲ್ಲಿಯೇ ಬಿಟ್ಟು ಬರುತ್ತಿದ್ದ. ಈಗ ಆ ಗಡಿ ಕಿವಿಗೆ ಹಾಕಿಕೊಂಡ ಸಾಧನದ ಒಂದು ಗುಂಡಿಗೆ ಬಂದು ನಿಂತಿತು. ಗುಂಡಿ ಒತ್ತಿದರೆ ಇಂಗ್ಲಿಷ್, ಬಿಟ್ಟರೆ ಕನ್ನಡ. ಅಡುಗೆಮನೆಯಲ್ಲಿದ್ದ ತಾಯಂದಿರು ಮಕ್ಕಳು ಏನು ಕೆಲಸ ಮಾಡುತ್ತಾರೆಂಬುದನ್ನು ಮೊದಲ ಸಲ ಕಿವಿಯಾರೆ ಕೇಳಿದರು. ಒಬ್ಬ ತಾಯಿ ನನ್ನೊಡನೆ ಹೇಳಿದ ಮಾತು ಇದು: “ಮಗ ದಿನಾ ಹತ್ತು ತಾಸು ಮಾತಾಡ್ತಾನ. ಏನು ಕೆಲಸ ಮಾಡ್ತೀಯೋ ಅಂತ ಕೇಳಿದರ ಕನ್ನಡದಾಗ ಹೇಳಾಕ ಬರೂದಿಲ್ಲ ಅಂತಾನ.” ಆ ಮಗನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಊಟ, ಹಬ್ಬ, ನೆಂಟರು, ಜ್ವರ, ಜಗಳ ಎಲ್ಲವನ್ನೂ ಕನ್ನಡದಲ್ಲಿ ಹೇಳಬಲ್ಲ. ದಿನದ ಬಹುಭಾಗವನ್ನು ತುಂಬಿದ ದುಡಿಮೆಯನ್ನು ಮಾತ್ರ ಹೆತ್ತ ತಾಯಿಗೆ ವಿವರಿಸಲಾರ. ಭಾಷೆಯ ಹ್ರಾಸವೆಂದರೆ ಇದಕ್ಕಿಂತ ಬೇರೆ ಏನಿದೆ? ತನ್ನವರ ಎದುರಿಗೆ ತನ್ನ ಬದುಕಿನ ಅರ್ಧವನ್ನು ಮೂಕವಾಗಿಟ್ಟುಕೊಳ್ಳುವುದು ಸಣ್ಣ ನಷ್ಟವಲ್ಲ.

ಇನ್ನು ಲೆಕ್ಕದ ಪುಸ್ತಕದ ವಿಷಯಕ್ಕೆ ಬರುತ್ತೇನೆ. ನಮ್ಮ ನೆರೆಯ ಕುಟುಂಬವೊಂದರ ಹಿರಿಯರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಉದ್ದನೆಯ ಹತ್ತಾರು ಲೆಕ್ಕದ ಪುಸ್ತಕಗಳು ದೊರೆತುವು. ಮೊಮ್ಮಗ ಅವುಗಳಲ್ಲಿ ಒಂದನ್ನು ತಂದು ನನ್ನ ಮುಂದಿಟ್ಟ. ಮನೆಯಲ್ಲಿ ಕನ್ನಡವನ್ನೇ ಆಡುವ ಹುಡುಗ. ಹೈಟೆಕ್ ಸಿಟಿಯಲ್ಲಿ ಕೆಲಸ. ಶಾಲೆಯಲ್ಲಿ ತೆಲುಗು ಓದಿದವನು. ಕನ್ನಡ ಲಿಪಿ ಬಾರದು. ಓದಿ ಹೇಳಿ ಎಂದ. ಓದಿ ಹೇಳುವ ಬದಲು ಒಂದು ಹಾಳೆಯ ಮೇಲೆ ಕನ್ನಡ ವರ್ಣಮಾಲೆಯನ್ನೂ ಅದರ ಪಕ್ಕದಲ್ಲಿ ತೆಲುಗು ವರ್ಣಮಾಲೆಯನ್ನೂ ಬರೆದುಕೊಟ್ಟೆ. ಹೆಚ್ಚಿನ ಅಕ್ಷರಗಳನ್ನು ಅವನು ಕೇಳದೆಯೇ ಗುರುತಿಸಿದ. ಕ, ತ, ಶ, ಸ, ಹ ಮೊದಲಾದ ಕೆಲವು ಅಕ್ಷರಗಳ ತಲೆಕಟ್ಟನ್ನೂ ನಮ್ಮ ದೀರ್ಘದ ಗುರುತನ್ನೂ ವಿವರಿಸಬೇಕಾಯಿತು, ಅಷ್ಟೇ. ಎಂಟು ದಿನಗಳ ನಂತರ ಬಂದು ತಾನೇ ಓದಿದ. ಹಾಲು, ಇದ್ದಿಲು, ಜೋಳ, ತಂಗಿಯ ಬಾಣಂತನಕ್ಕೆ ಕಳುಹಿಸಿದ ಹಣ, ಮಗನ ಶಾಲೆಯ ಶುಲ್ಕ, ಶುಲ್ಕಕ್ಕಾಗಿ ಮಾಡಿದ ಕೈಸಾಲ, ಸಾಲ ತೀರಿದ ದಿನ ಮಾಡಿಸಿದ ಪೂಜೆಯ ಖರ್ಚು. ಕೈಸಾಲದ ಸಾಲಿನ ಮೇಲೆ ಬೆರಳಿಟ್ಟು ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆ ಮಗನೆಂದರೆ ಅವನ ತಂದೆ. ತಂದೆಯ ಓದಿಗಾಗಿ ಅಜ್ಜ ಸಾಲ ಮಾಡಿದ ಸಂಗತಿಯನ್ನು ಮನೆಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲವಂತೆ.

ಆ ಎಂಟು ದಿನಗಳ ಹಿಂದೆ ಸಾವಿರ ವರ್ಷಗಳ ಇತಿಹಾಸವಿದೆ. ಇಂದಿನ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಹತ್ತನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನವನ್ನು ಕನ್ನಡದ ವಿದ್ಯಾರ್ಥಿಗಳೆಲ್ಲ ಬಲ್ಲರು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅಲ್ಲಿವೆ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡವೂ ಇಂದಿನ ತೆಲಂಗಾಣದಲ್ಲೇ ಇದೆ. ಆ ಶಾಸನದ ಕಾಲಕ್ಕೆ ಕನ್ನಡಕ್ಕೂ ತೆಲುಗಿಗೂ ಲಿಪಿ ಒಂದೇ. ಮುಂದೆ ನಿಧಾನವಾಗಿ ಕವಲೊಡೆದ ಆ ಲಿಪಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಎರಕಗೊಂಡ ಮೇಲೆ ಎರಡಾಗಿ ನಿಂತಿತು. ಬಂಡೆ ಒಂದುಗೂಡಿಸಿದ್ದನ್ನು ಅಚ್ಚುಕೂಟ ಬೇರ್ಪಡಿಸಿತು ಎನ್ನಬಹುದು.

ಗಣಕಯಂತ್ರ ಅವೆರಡನ್ನೂ ಮತ್ತೆ ಅಕ್ಕಪಕ್ಕದಲ್ಲಿ ಕೂರಿಸಿದೆ. ಬ್ರಾಹ್ಮಿಯಿಂದ ಹುಟ್ಟಿದ ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸದ ಕೋಷ್ಟಕವಿರಬೇಕೆಂಬ ತತ್ತ್ವದ ಮೇಲೆ ೧೯೮೮ರಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿ ರೂಪುಗೊಂಡಿತ್ತು. ೧೯೯೧ರ ಯುನಿಕೋಡ್ ಅದೇ ವಿನ್ಯಾಸವನ್ನು ಅನುಸರಿಸಿತು. ಅದರಲ್ಲಿ ತೆಲುಗಿಗೆ ೧೨೮ ಮನೆಗಳ ಒಂದು ಸಾಲು. ಅದು ಮುಗಿದೊಡನೆ ಕನ್ನಡಕ್ಕೆ ೧೨೮ ಮನೆಗಳ ಇನ್ನೊಂದು ಸಾಲು. ತೆಲುಗಿನ ಅಕಾರದಿಂದ ಸರಿಯಾಗಿ ೧೨೮ ಮನೆ ದಾಟಿದರೆ ಕನ್ನಡದ ಅಕಾರ, ತೆಲುಗಿನ ಮಕಾರದಿಂದ ಅಷ್ಟೇ ದೂರದಲ್ಲಿ ಕನ್ನಡದ ಮಕಾರ. ಒಂದು ಸಂಖ್ಯೆಯನ್ನು ಕೂಡಿಸಿದರೆ ಸಾಕು, ತೆಲುಗು ಲಿಪಿಯ ಬರಹ ಕನ್ನಡ ಲಿಪಿಗೆ ಬರುತ್ತದೆ, ಕಳೆದರೆ ಹಿಂದಿರುಗುತ್ತದೆ. ಆ ಹುಡುಗನಿಗೆ ಇದನ್ನು ಹೇಳಿದಾಗ ಅವನು ನಕ್ಕು, ನಾವು ಓಣಿಯಲ್ಲಿ ಎದುರುಬದುರು ಮನೆಯವರು ಎಂದ. ಅವನ ವೃತ್ತಿಯ ಜ್ಞಾನ ಮತ್ತು ಅವನ ಮನೆಮಾತು ಭೇಟಿಯಾದ ಅಪೂರ್ವ ಗಳಿಗೆ ಅದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಮಾತನ್ನು ಕೇಳಿ ಬರೆದುಕೊಳ್ಳುವ, ಬರೆದುದನ್ನು ಓದಿ ಹೇಳುವ, ಯಾವ ಭಾಷೆಯಿಂದ ಯಾವ ಭಾಷೆಗಾದರೂ ಅನುವಾದಿಸುವ ಯಂತ್ರಗಳು ಬಂದಿರುವಾಗ ಲಿಪಿಗಾಗಿ ಇಷ್ಟು ಹಂಬಲವೇಕೆ? ಅಜ್ಜನ ಪುಸ್ತಕದ ಚಿತ್ರ ತೆಗೆದರೆ ಯಂತ್ರವೇ ಓದೀತು ಎನ್ನುವವರಿದ್ದಾರೆ. ಅಚ್ಚಾದ ಪುಟವನ್ನು ಅದು ಚೆನ್ನಾಗಿಯೇ ಓದುತ್ತದೆ. ಮಸುಕಾದ ಕೈಬರಹವನ್ನೂ ಮುಂದೆ ಓದಬಹುದು. ಆದರೆ ಈ ಯಂತ್ರಗಳು ಭಾಷೆಯನ್ನು ಕಲಿಯುವುದಾದರೂ ಹೇಗೆ? ನಾವು ಬರೆದಿಟ್ಟುದನ್ನು ರಾಶಿರಾಶಿಯಾಗಿ ಓದಿಯೇ. ಪತ್ರಿಕೆಯ ಕನ್ನಡ, ಪಠ್ಯದ ಕನ್ನಡ, ಪುರವಣಿಯ ಕನ್ನಡ ಅವುಗಳಿಗೆ ದೊರೆಯುತ್ತದೆ. ಬೀದರಿನ ಅಡುಗೆಮನೆಯ ಕನ್ನಡ, ತೆಲುಗು ದಖನಿಗಳೊಡನೆ ಬೆರೆತ ಹೈದರಾಬಾದಿನ ಕನ್ನಡ, ದುಡಿಯುವವನು ತನ್ನ ಕೆಲಸವನ್ನು ವಿವರಿಸುವ ಕನ್ನಡ, ಇವು ಬರಹಕ್ಕೆ ಬಾರದಿದ್ದರೆ ದೊರೆಯುವುದು ಕಷ್ಟ. ನನ್ನ ಕಡೆಯ ಉಚ್ಚಾರದಲ್ಲಿ ನಾನು ಮಾತನಾಡಿದಾಗ ದೂರವಾಣಿ ತನಗೆ ಪರಿಚಿತವಾದ ಪದವನ್ನು ಅಲ್ಲಿ ಕೂರಿಸುತ್ತದೆ. ನಾನು ‘ಹೋಗೂಣು’ ಎಂದುದನ್ನು ಅದು ತನ್ನ ಶಿಷ್ಟ ರೂಪಕ್ಕೆ ತಿದ್ದುತ್ತದೆ, ಇಲ್ಲವೇ ಮತ್ತೇನನ್ನೋ ಬರೆಯುತ್ತದೆ. ನಾವೇ ಬರೆಯದ ಕನ್ನಡವನ್ನು ಯಂತ್ರದಿಂದ ಹೇಗೆ ನಿರೀಕ್ಷಿಸೋಣ?

ಕನ್ನಡ ವಿಭಾಗಗಳ ಹೊಣೆ ಇರುವುದು ಇಲ್ಲಿ. ಹಳಗನ್ನಡದ ಪಾಠ, ಶಾಸನಗಳ ಅಧ್ಯಯನ, ಗ್ರಂಥ ಸಂಪಾದನೆ ಇವು ನಮ್ಮ ಬೆನ್ನೆಲುಬು; ಅವುಗಳಲ್ಲಿ ಯಾವುದನ್ನೂ ಕಡಿಮೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಶಾಸನವೆಂದರೆ ಏನು? ದಾನ ಕೊಟ್ಟ ಭೂಮಿಯ ಅಳತೆ, ಗದ್ಯಾಣದ ಲೆಕ್ಕ, ಎಣ್ಣೆಯ ಪ್ರಮಾಣ, ಸುಂಕದ ದರ. ಸಾವಿರ ವರ್ಷ ಹಳೆಯದಾದ ಲೆಕ್ಕವನ್ನು ಭಕ್ತಿಯಿಂದ ಓದುವ ನಾವು ಐವತ್ತು ವರ್ಷ ಹಳೆಯದಾದ ಲೆಕ್ಕವನ್ನು ರದ್ದಿಗೆ ಹಾಕುತ್ತೇವೆ.

ನನ್ನ ಸಲಹೆಗಳು ಮೂರು. ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಮೊದಲನೆಯದು, ಹೈದರಾಬಾದಿನ ಮತ್ತು ಗಡಿಯ ಊರುಗಳ ಕನ್ನಡ ಕುಟುಂಬಗಳಲ್ಲಿರುವ ಲೆಕ್ಕದ ಪುಸ್ತಕ, ಕಾಗದ ಪತ್ರ, ದಿನಚರಿ, ಅಡುಗೆಯ ಟಿಪ್ಪಣಿಗಳನ್ನು, ಮನೆಯವರ ಒಪ್ಪಿಗೆ ಪಡೆದು, ವಿದ್ಯಾರ್ಥಿಗಳು ಚಿತ್ರೀಕರಿಸಿ ಲಿಪ್ಯಂತರಿಸಬೇಕು. ಒಬ್ಬ ವಿದ್ಯಾರ್ಥಿ ವರ್ಷಕ್ಕೆ ಒಂದು ಮನೆಯ ಕಾಗದಗಳನ್ನು ಕೈಗೆತ್ತಿಕೊಂಡರೂ ಹತ್ತು ವರ್ಷಗಳಲ್ಲಿ ಒಂದು ನಗರದ ಕನ್ನಡ ಜೀವನದ ಆಕರ ಸಿದ್ಧವಾಗುತ್ತದೆ.

ಎರಡನೆಯದು, ತೆಲುಗು ಬಲ್ಲವರಿಗಾಗಿ ಕನ್ನಡ ಲಿಪಿಯ ಕಿರು ತರಗತಿ. ೨೦೧೮ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ತೆಲುಗು ಕಡ್ಡಾಯ ವಿಷಯ. ಇದನ್ನು ಕನ್ನಡ ಮನೆಗಳವರು ಹೊರೆಯೆಂದು ತಿಳಿಯಬೇಕಾಗಿಲ್ಲ. ತೆಲುಗು ಓದಬಲ್ಲ ಮಗು ಕನ್ನಡ ಓದುವುದರಿಂದ ಎಂಟು ದಿನಗಳಷ್ಟೇ ದೂರದಲ್ಲಿದೆ. ಮನೆಮಾತು ಕಿವಿಯಲ್ಲಿದೆ, ಸೋದರ ಲಿಪಿ ಕಣ್ಣಿನಲ್ಲಿದೆ. ಎರಡನ್ನೂ ಕೂಡಿಸುವ ಒಬ್ಬ ಮೇಷ್ಟರು ಬೇಕು. ದೆಹಲಿಯಲ್ಲಾಗಲಿ ದುಬೈಯಲ್ಲಾಗಲಿ ಇರುವ ಕನ್ನಡಿಗರಿಗೆ ಇಲ್ಲದ ಈ ಅನುಕೂಲ ಹೈದರಾಬಾದಿನವರಿಗೆ ತಾನಾಗಿ ಒದಗಿದೆ.

ಮೂರನೆಯದು, ಕನ್ನಡದ ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧವೊಂದನ್ನು ಬರೆಯುವಂತೆಯೇ ದುಡಿಯುವ ಒಬ್ಬ ವ್ಯಕ್ತಿಯ ಕೆಲಸವನ್ನು, ಆ ವ್ಯಕ್ತಿಯ ಮಾತಿನಲ್ಲೇ ಕೇಳಿ, ಕನ್ನಡದಲ್ಲಿ ವಿವರಿಸಿ ಬರೆಯಬೇಕು. ಅದು ನೇಕಾರನ ಕೆಲಸವಿರಲಿ, ದಾದಿಯ ಕೆಲಸವಿರಲಿ, ತಂತ್ರಾಂಶ ಬರೆಯುವವನ ಕೆಲಸವಿರಲಿ. ಬೇಕಾದಲ್ಲಿ ಇಂಗ್ಲಿಷ್ ಪದವನ್ನು ಕನ್ನಡದ ಅಕ್ಷರಗಳಲ್ಲೇ ಬರೆಯಲಿ. ರಸೀದಿ, ಜಮೆ, ಬಾಕಿಗಳನ್ನು ಅರಗಿಸಿಕೊಂಡ ಭಾಷೆಗೆ ಸರ್ವರ್, ಪಾಸ್‌ವರ್ಡ್‌ಗಳು ಭಾರವಾಗಲಾರವು. ವಾಕ್ಯ ಕನ್ನಡದ್ದಾಗಿರಬೇಕು, ಕೇಳಿದ ತಾಯಿಗೆ ಅರ್ಥವಾಗಬೇಕು, ಪರೀಕ್ಷೆ ಇಷ್ಟೇ.

ವಿಭಾಗವೊಂದು ತನ್ನ ಕಾಲವನ್ನು ಸ್ಮರಿಸಿಕೊಳ್ಳುವ ಇಂಥ ಸಂಪುಟದಲ್ಲಿ ಹಿಂದಿನವರ ಸಾಧನೆಯನ್ನು ನೆನೆಯುವುದು ನಮ್ಮ ಧರ್ಮ. ಉರ್ದುವಿ‌ನ ರಾಜಧಾನಿಯಲ್ಲಿ ಕನ್ನಡದ ಪೀಠವನ್ನು ಉಳಿಸಿದವರು, ಕಾಚಿಗುಡದಲ್ಲಿ ಶಾಲೆ ಕಟ್ಟಿದವರು, ತಮ್ಮ ಸಂಬಳದ ದುಡಿಮೆಯನ್ನು ಬೇರೆ ಭಾಷೆಯಲ್ಲಿ ಮಾಡಿ ಸಂಜೆಯ ಹೊತ್ತನ್ನು ಕನ್ನಡಕ್ಕೆ ಕೊಟ್ಟವರು. ಅವರಲ್ಲಿ ಅನೇಕರ ಗ್ರಂಥಗಳು ನಮ್ಮ ಗ್ರಂಥಾಲಯಗಳಲ್ಲಿವೆ. ಅವರ ಲೆಕ್ಕದ ಪುಸ್ತಕಗಳು ಎಲ್ಲಿವೆಯೆಂದು ಅವರ ಮಕ್ಕಳನ್ನು, ಮೊಮ್ಮಕ್ಕಳನ್ನು ವಿಚಾರಿಸುವ ಕೆಲಸ ಇನ್ನೂ ಆಗಬೇಕಾಗಿದೆ. ಪೆಟ್ಟಿಗೆಗಳು ಇನ್ನೂ ಅಟ್ಟದ ಮೇಲಿವೆ. ಮನೆ ಬದಲಾಯಿಸುವಾಗ ಮೊದಲು ಹೋಗುವುದು ಅವೇ. ಈ ವರ್ಷದ ವಿದ್ಯಾರ್ಥಿಗಳಿಂದಲೇ ಅದು ಆರಂಭವಾಗಲಿ ಎಂದು ಆಶಿಸುತ್ತೇನೆ.